ಕಪ್ ನಮ್ದು ಸರಿ, ಗೇಟ್ ಯಾರ್ದು?



ಪೋಸ್ಟ್ ಉದ್ದ ಇದೆ, ಕ್ರಿಕೆಟ್ ಬಗ್ಗೆ ಇದೆ. "ಇವನಿಗೇನಾಯ್ತಪ್ಪ, ಇರೋ ಸಮಸ್ಯೆ ಎಲ್ಲಾ ಬಿಟ್ಟು ಚೆಂಡು ಬ್ಯಾಟಿನ ಪುರಾಣ ಬರೀತಾ ಕೂತಿದಾನೆ" ಅನ್ನೋರು ಇಲ್ಲಿಂದಲೇ ಮುಂದೆ ಹೋಗಬಹುದು, ಬೇಜಾರಿಲ್ಲ. ಆದ್ರೆ ನಿಮ್ಮನೇಲಿ ಹದಿನೈದರಿಂದ ಇಪ್ಪತ್ತೈದರ ವಯಸ್ಸಿನ ಒಬ್ಬ ಹುಡುಗ ಇದ್ದರೆ ದಯವಿಟ್ಟು ಕೊನೆತನಕ ಓದಿ.

ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ನಡೀತಿದ್ದಾಗ ಒಂದು ಸಭೆಗೆ ಹೋಗಿದ್ದೆ. ನಮ್ಮ ಹಿರಿಯ ಸಂಗಾತಿಯೊಬ್ಬರು ಮೈಕ್ ಹಿಡಿದು ಹುಡುಗರಿಗೆ ಚೆನ್ನಾಗಿ ಬೈದರು. ಟಿ20 ಅನ್ನೋದು ಬಂಡವಾಳಶಾಹಿಗಳ ಅಫೀಮು, ಇಪ್ಪತ್ತು ಓವರ್‌ನ ಜೂಜು, ಇದನ್ನ ನೋಡ್ತಾ ಕೂರೋ ಪೀಳಿಗೆಯಿಂದ ಚಳವಳಿ ಕಟ್ಟೋಕಾಗಲ್ಲ ಅಂತ. ಹಿಂದಿನ ಸಾಲಲ್ಲಿ ಕೂತಿದ್ದ ಹುಡುಗರು ತಲೆ ತಗ್ಗಿಸಿದ್ರು. ನಾಚಿಕೆಯಿಂದ ಅಲ್ಲ ಕಣ್ರೀ, ತೊಡೆ ಮೇಲಿನ ಮೊಬೈಲಲ್ಲಿ ಸ್ಕೋರ್ ನೋಡೋಕೆ. ಸುಳ್ಯಾಕೆ ಹೇಳ್ಲಿ, ನಾನೂ ನೋಡ್ತಿದ್ದೆ.

ಆ ಹಿರಿಯರ ಮೇಲೆ ಅಪಾರ ಗೌರವ ಇದೆ. ಆದ್ರೆ ಅವರ ಮಾತನ್ನ ಒಪ್ಪೋಕೆ ಆಗ್ಲಿಲ್ಲ. ಅಲ್ಲೇ ಎದ್ದು ಹೇಳೋ ಧೈರ್ಯನೂ ಬರ್ಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

2025ರ ಜೂನ್ 3ರ ರಾತ್ರಿ ನಮ್ಮ ಕೇರಿ ಹೇಗಿತ್ತು ಅಂತ ಮೊದಲು ಹೇಳ್ತೀನಿ. ಅಂಬೇಡ್ಕರ್ ಭವನದ ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ತಂದಿದ್ರು. ಕಟ್ಟಡದ ಕೆಲಸದಿಂದ ಬಂದವರು ಸಿಮೆಂಟ್ ಮೆತ್ತಿದ ಕಾಲಲ್ಲೇ ಕೂತಿದ್ರು. ಗಾರ್ಮೆಂಟ್ಸಿಂದ ಬಂದ ಹೆಣ್ಮಕ್ಕಳು, ಬೀಡಿ ಸೇದ್ತಾ ಗೋಡೆಗೊರಗಿದ ತಾತಂದಿರು, ಯಾರೂ ಒಳಗಿರಲಿಲ್ಲ. ಅಹಮದಾಬಾದಿನಲ್ಲಿ ಆರ್‌ಸಿಬಿ 190 ಹೊಡೀತು. ಪಂಜಾಬ್ 184ಕ್ಕೆ ನಿಂತಿತು. ಕೊನೇ ಓವರ್ ಮುಗಿಯೋ ಮೊದಲೇ ಕೊಹ್ಲಿ ಮೈದಾನದಲ್ಲಿ ಅಳ್ತಿದ್ದ, ಇಲ್ಲಿ ನಮ್ಮ ಪಕ್ಕದ ಮನೆ ಅಜ್ಜಿ ಅಳ್ತಿತ್ತು. ಅಜ್ಜಿಗೆ ಎಲ್‌ಬಿಡಬ್ಲ್ಯೂ ಅಂದ್ರೇನು ಅಂತ ಗೊತ್ತಿಲ್ಲ. "ಹದಿನೆಂಟು ವರ್ಸ ಸೋತಿದ್ದ ಮಗ ಕಣಪ್ಪ" ಅಂತು, ಅಷ್ಟೆ. ಸೋಲು ಅಂದ್ರೇನು ಅಂತ ನಮ್ಮ ಅಜ್ಜಿಗೆ ಯಾರೂ ಪಾಠ ಮಾಡ್ಬೇಕಾಗಿಲ್ಲ.

ಆ ರಾತ್ರಿ ತಮಟೆ ತಾನಾಗೇ ಹೊರಗೆ ಬಂತು. ಸಾವಿಗೆ, ಜಾತ್ರೆಗೆ, ಊರವರು ಕರೆದಾಗ ಬಡೀಬೇಕಾಗಿದ್ದ ತಮಟೆ. ಯಾರೂ ಕರೀದೆ, ಯಾರ ಹಂಗೂ ಇಲ್ದೆ, ನಮ್ಮ ಖುಷಿಗೆ ನಾವು ಬಡಿದ ತಮಟೆ. ಇದನ್ನ ಅಫೀಮು ಅಂತೀರಾ?

ಐದು ದಿನದ ಟೆಸ್ಟ್ ಯಾರ ಆಟ ಆಗಿತ್ತು ಯೋಚ್ನೆ ಮಾಡಿ. ಬೆಳಗ್ಗೆ ಹತ್ತರಿಂದ ಸಂಜೆತನಕ ರೇಡಿಯೋ ಮುಂದೆಯೋ ಟಿವಿ ಮುಂದೆಯೋ ಕೂರೋಕೆ ಯಾರಿಗೆ ಬಿಡುವಿತ್ತು? ಕೂಲಿ ಬಿಟ್ಟು ಕೂತರೆ ರಾತ್ರಿ ಒಲೆ ಹಚ್ಚೋದು ಹೇಗೆ? 2003ರಲ್ಲಿ ಇಂಗ್ಲೆಂಡಿನಲ್ಲಿ ಟಿ20 ಶುರು ಮಾಡಿದವರ ಲೆಕ್ಕ ಕೂಡ ಇದೇ ಆಗಿತ್ತು, ಕೆಲಸ ಮುಗಿಸಿ ಬಂದವರು ಸಂಜೆ ನೋಡೋ ಆಟ ಬೇಕು ಅಂತ. ಅವರಿಗೆ ಟಿಕೆಟ್ ಮಾರಬೇಕಿತ್ತು, ನಮ್ಮ ಉದ್ಧಾರ ಅವರ ತಲೇಲಿರಲಿಲ್ಲ, ನಿಜ. ಆದ್ರೂ ಸಂಜೆ ಏಳೂವರೆಗೆ ಶುರುವಾಗಿ ಹನ್ನೊಂದೂವರೆಗೆ ಮುಗಿಯೋ ಆಟ ಕೂಲಿಯವರ ಗಡಿಯಾರಕ್ಕೆ ಸರಿಹೋಯ್ತು. ಇನ್ನೊಂದು ವಿಷಯ. ಟಿ20 ಬರೋಕೆ ಎಷ್ಟೋ ಮೊದಲೇ ನಮ್ಮ ಹಳ್ಳಿಗಳಲ್ಲಿ ಹತ್ತು ಓವರ್, ಎಂಟು ಓವರ್ ಟೆನಿಸ್ ಬಾಲ್ ಮ್ಯಾಚ್ ಆಡ್ತಾ ಇದ್ವಿ. ಪ್ಯಾಡ್ ಇಲ್ಲ, ಗ್ಲೌಸ್ ಇಲ್ಲ, ಕತ್ತಲಾಗೋದ್ರೊಳಗೆ ಮುಗಿಸ್ಬೇಕು. ಮೊದಲ ಬಾಲಿಂದಲೇ ಬೀಸು. ಇವತ್ತು ಕಾಮೆಂಟರಿಯವರು ಹೊಸ ಆವಿಷ್ಕಾರ ಅನ್ನೋ ಥರ ಹೊಗಳೋ ಅರ್ಧ ಶಾಟುಗಳು ಗದ್ದೆ ಬಯಲಲ್ಲಿ ಹುಟ್ಟಿದವು ಅಂತ ನನ್ನ ನಂಬಿಕೆ.

ಹಾಗಾಗಿ ಹುಡುಗರ ಖುಷಿಗೆ ನಾನು ಕಲ್ಲು ಹಾಕಲ್ಲ. ನನ್ನ ಜಗಳ ಬೇರೆ. "ಈ ಸಲ ಕಪ್ ನಮ್ದೇ" ಅಂತ ವರ್ಷವರ್ಷ ಕೂಗಿದ್ವಲ್ಲ, ಆ "ನಮ್ದೇ" ಒಳಗೆ ನಾವಿದೀವಾ ಅನ್ನೋದು.

ನಮ್ಮೂರಲ್ಲಿ ಆಡ್ತಿದ್ದ ಬಯಲಿನ ಒಂದು ಕಡೆ ದೇವಸ್ಥಾನದ ಅಂಗಳ. ಅಲ್ಲಿಗೆ ಬಾಲ್ ಹೊಡೆದ್ರೆ ಔಟ್ ಅಂತ ರೂಲ್ಸು. ಎಲ್ಲಾ ಊರಲ್ಲೂ ಇಂಥ ರೂಲ್ಸ್ ಇರ್ತವೆ, ಕಿಟಕಿ ಗಾಜಿರೋ ಮನೆಗೆ ಹೊಡೆದ್ರೆ ಔಟ್, ಮೋರಿಗೆ ಹೊಡೆದ್ರೆ ಎರಡು ರನ್, ಹೀಗೆ. ಬಾಲ್ ಕಳೆದುಹೋಗ್ಬಾರ್ದು ಅಂತ ಮಾಡಿದಾರೆ ಅಂತ ನಾನು ಬಹಳ ದಿನ ಅಂದ್ಕೊಂಡಿದ್ದೆ. ಹೈಸ್ಕೂಲಿಗೆ ಬಂದ ಮೇಲೆ ಗೊತ್ತಾಯ್ತು. ಆ ಕಡೆ ಫೀಲ್ಡಿಂಗ್‌ಗೆ ಯಾವಾಗ್ಲೂ ನಿಲ್ಲಿಸ್ತಾ ಇದ್ದದ್ದು ಕೇರಿ ಹುಡುಗರನ್ನ. ಬಾಲ್ ಅಂಗಳಕ್ಕೆ ಬಿದ್ರೆ ನಾವು ಒಳಗೆ ಕಾಲಿಡಂಗಿಲ್ಲ. ಊರ ಹುಡುಗರು ಅಷ್ಟು ದೂರ ಓಡ್ಬೇಕು. ಅದಕ್ಕೆ ಔಟ್. ಅಸ್ಪೃಶ್ಯತೆಯನ್ನ ಕ್ರಿಕೆಟ್ ಕಾನೂನು ಮಾಡ್ಕೊಂಡು ನಾವೂ ಅದನ್ನ ಕೂಗಿ ಕೂಗಿ ಆಡಿದ್ವಿ. "ಔಟ್ ಔಟ್, ದೇವಸ್ಥಾನ ಔಟ್" ಅಂತ ನಾನೇ ಎಷ್ಟು ಸಲ ಕಿರುಚಿದೀನೋ. ನೀರು ಕುಡಿಯೋಕೆ ಬಿಟ್ಟಾಗ ಊರವರು ಚೊಂಬಿಂದ ಕುಡಿಯೋರು. ನಮಗೆ ಬೊಗಸೆ.

ಇದು ನಮ್ಮೊಂದೂರಿನ ಕಥೆ, ಆ ಕಾಲದ ಕಥೆ ಅಂತ ಬಿಟ್ಟುಬಿಡಬೇಡಿ. ನೂರಿಪ್ಪತ್ತು ವರ್ಷ ಹಿಂದೆ ಹೋಗೋಣ.

ಪಾಲ್ವಂಕರ್ ಬಾಳೂ. ಹೆಸರು ಕೇಳಿದೀರಾ? ಭಾರತ ಕಂಡ ಮೊದಲ ದೊಡ್ಡ ಸ್ಪಿನ್ನರ್. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದಲ್ಲಿ. ಚಮ್ಮಾರರ ಮಗ. ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯೋ ಕೆಲಸ, ತಿಂಗಳಿಗೆ 3 ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್ಬಲ್ಲಿ 4 ರೂಪಾಯಿ. ಬಿಳಿ ಸಾಹೇಬರಿಗೆ ಪ್ರಾಕ್ಟೀಸ್‌ಗೆ ಬಾಲ್ ಹಾಕಿ ಹಾಕಿ ಎಡಗೈ ಸ್ಪಿನ್ ಪಳಗಿತು. ಬ್ಯಾಟ್ ಮಾಡೋ ಅವಕಾಶ ಅಲ್ಲಿರಲಿಲ್ಲ. ಬ್ಯಾಟಿಂಗ್ ದೊರೆಗಳ ಕೆಲಸ, ಬೌಲಿಂಗ್ ಆಳಿನ ಕೆಲಸ. ಆಮೇಲೆ ಹಿಂದೂಗಳ ತಂಡಕ್ಕೆ ಬಿಳಿಯರನ್ನ ಸೋಲಿಸ್ಬೇಕಿತ್ತು, ಬೌಲರ್ ಬೇಕಿತ್ತು. ಬಾಳೂನ ಸೇರಿಸ್ಕೊಂಡ್ರು. ಮೈದಾನದಲ್ಲಿ ಎಲ್ಲರೂ ಮುಟ್ಟಿದ ಚೆಂಡನ್ನೇ ಬಾಳೂನೂ ಮುಟ್ಟಬಹುದು. ಟೀ ಬ್ರೇಕ್ ಬಂತೋ, ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪು, ಬಾಳೂಗೆ ಹೊರಗೆ ಕುಡಿದು ಬಿಸಾಡೋ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು.

ಆ ಕುಡಿಕೆಯಲ್ಲಿ ಟೀ ಕುಡಿದ ಮನುಷ್ಯ 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ 114 ವಿಕೆಟ್ ತೆಗೆದ. ಆ ತಂಡದ ನಾಯಕ ಯಾರು ಗೊತ್ತಾ? ಪಟಿಯಾಲದ ಮಹಾರಾಜ. ಊರಿಗೆ ವಾಪಸ್ ಬಂದ ಮೇಲೂ ಹಿಂದೂ ತಂಡದವರು ಬಾಳೂಗೆ ನಾಯಕನ ಪಟ್ಟ ಕಟ್ಟಲಿಲ್ಲ. ಅಣ್ಣತಮ್ಮಂದಿರು ಪ್ರತಿಭಟಿಸಿ ತಂಡದಿಂದ ಹೊರಗೆ ಬಂದಿದ್ದೂ ಆಯ್ತು. ಕೊನೆಗೆ 1923ರಲ್ಲಿ ತಮ್ಮ ವಿಠ್ಠಲ ನಾಯಕನಾದ. ಬಾಳೂ ಆಗಲೇ ಇಲ್ಲ.

(ಮುಂದೆ ಬಾಳೂ ಕಾಂಗ್ರೆಸ್ ಸೇರಿ 1937ರ ಚುನಾವಣೆಯಲ್ಲಿ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತ. ಅದಕ್ಕೇ ನಾವೂ ಅವನನ್ನ ದೂರ ಇಟ್ವೇನೋ ಅಂತ ನಂಗೊಂದು ಅನುಮಾನ. ಬಾಬಾಸಾಹೇಬರು ತರುಣರಾಗಿದ್ದಾಗ ಇದೇ ಬಾಳೂನ ಮೆಚ್ಚಿ ಸನ್ಮಾನದಲ್ಲಿ ಭಾಷಣ ಮಾಡಿದ್ದರು. ರಾಜಕೀಯದಲ್ಲಿ ತಪ್ಪು ಕಡೆ ನಿಂತ ಅಂತ ಅವನ ಎಡಗೈಯನ್ನ ಮರೆಯೋದು ಬೇಡ.)

ಇವತ್ತಿನ ಚಮ್ಮಾರರ ವಿಷಯಕ್ಕೆ ಬನ್ನಿ. ರಣಜಿಯಲ್ಲಿ, ನಮ್ಮ ದೇಶದ ಟೆಸ್ಟ್‌ಗಳಲ್ಲಿ ಬಳಸೋ ಎಸ್‌ಜಿ ಚೆಂಡು ಬರೋದು ಮೀರತ್‌ನಿಂದ. ಆ ಊರಿನ ಸುತ್ತ ಚರ್ಮ ಹದ ಮಾಡೋರಲ್ಲಿ, ಚೆಂಡು ಹೊಲಿಯೋರಲ್ಲಿ ಬಹುಪಾಲು ಜಾಟವರು. ಚೆಂಡು ನಮ್ಮದು, ಹೊಲಿಗೆ ನಮ್ಮದು. ಆ ಚೆಂಡು ಹಿಡಿದು ಓಡಿಬಂದವರಲ್ಲಿ ನಮ್ಮವರೆಷ್ಟು? 2018ರಲ್ಲಿ ಇಪಿಡಬ್ಲ್ಯೂನಲ್ಲಿ ಬಂದ ಲೇಖನವೊಂದರ ಲೆಕ್ಕ ಇದು: ಅಲ್ಲಿವರೆಗೆ ಭಾರತಕ್ಕೆ ಟೆಸ್ಟ್ ಆಡಿದ 290 ಗಂಡಸರಲ್ಲಿ ದಲಿತರು ಅಂತ ಗೊತ್ತಿರೋದು 4 ಜನ. ನಾಲ್ಕೇ.

"ಕ್ರಿಕೆಟ್‌ನಲ್ಲಿ ಜಾತಿ ಎಲ್ಲಿದೆ ಗುರು, ಸಿಕ್ಸ್ ಹೊಡೆಯೋಕೆ ಜಾತಿ ಬೇಕಾ?" ಅಂತ ಕೇಳೋರಿಗೆ ಈ ನಾಲ್ಕನ್ನ ತೋರ್ಸಿ. ದಲಿತರ ತೋಳಲ್ಲಿ ಬಲ ಇಲ್ವಾ? ಮೂಟೆ ಹೊರೋಕೆ, ಕಲ್ಲು ಒಡೆಯೋಕೆ ಇರೋ ಬಲ ಸಿಕ್ಸ್ ಹೊಡೆಯೋ ಹೊತ್ತಿಗೆ ಎಲ್ಲಿ ಹೋಗುತ್ತೆ?

ಐಪಿಎಲ್ ಬಂದ್ಮೇಲೆ ಎಲ್ಲಾ ಬದಲಾಯ್ತು ಅಂತಾರೆ. ಪೂರ್ತಿ ಸುಳ್ಳಲ್ಲ. ಸೇಲಂ ಹತ್ತಿರದ ಹಳ್ಳಿಯ ನಟರಾಜನ್ ಟೆನಿಸ್ ಬಾಲಲ್ಲಿ ಯಾರ್ಕರ್ ಕಲಿತು, ಲೀಗ್‌ಗಳ ಮೂಲಕವೇ ಭಾರತ ತಂಡದವರೆಗೆ ಬಂದ. ಆಟೋ ಓಡಿಸ್ತಿದ್ದವರ ಮಗ ಸಿರಾಜ್, ಗ್ಯಾಸ್ ಸಿಲಿಂಡರ್ ಹಾಕ್ತಿದ್ದವರ ಮಗ ರಿಂಕು. ಇವರನ್ನ ನೋಡಿ ನಂಗೂ ಎದೆ ತುಂಬುತ್ತೆ. ದೊಡ್ಡ ಊರಿನ ಕ್ಲಬ್ಬು, ಅಪ್ಪನ ಪರಿಚಯ, ಇಂಗ್ಲಿಷ್ ಮೀಡಿಯಂ ಇವೆಲ್ಲ ಇಲ್ದೆನೂ ಒಂದು ಕಿಂಡಿ ತೆರೀತು ಅನ್ನೋದು ನಿಜ. ಹಳೇ ಟೆಸ್ಟ್ ಕಾಲದಲ್ಲಿ ಆ ಕಿಂಡಿನೂ ಇರಲಿಲ್ಲ. ಆದ್ರೆ ಟಿವಿಯವರು ಈ ಮೂರು ಕಥೆಗಳನ್ನೇ ತಿರುಗಿಸಿ ತಿರುಗಿಸಿ ತೋರಿಸಿ, "ನೋಡಿ, ಪ್ರತಿಭೆ ಇದ್ದರೆ ಸಾಕು" ಅಂತ ಮುಗಿಸಿಬಿಡ್ತಾರೆ. ಕಿಂಡಿಯಲ್ಲಿ ತೂರಿಬಂದ ಮೂವರನ್ನ ತೋರಿಸಿ ಬಾಗಿಲು ತೆರೆದಿದೆ ಅನ್ನೋದು ಯಾವ ನ್ಯಾಯ? ಬಡತನದ ಕಥೆ ಹೇಳ್ತಾರೆ, ಜಾತಿಯ ಪ್ರಶ್ನೆ ಕೇಳಲ್ಲ.

ಇನ್ನು ದುಡ್ಡು. 2023ರಿಂದ 27ರವರೆಗಿನ ಐಪಿಎಲ್ ಪ್ರಸಾರದ ಹಕ್ಕು ಮಾರಾಟ ಆಗಿದ್ದು 48,390 ಕೋಟಿಗೆ, 410 ಪಂದ್ಯಕ್ಕೆ. ಭಾಗಿಸಿ ನೋಡಿ, ಒಂದು ಮ್ಯಾಚಿಗೆ 118 ಕೋಟಿ. ಒಂದು ಮ್ಯಾಚಲ್ಲಿ 240 ಎಸೆತ. ಒಂದು ಎಸೆತಕ್ಕೆ ಸುಮಾರು 49 ಲಕ್ಷ. ವೈಡ್ ಹಾಕಿದ್ರೆ ಪುಕ್ಕಟೆ. ಈ ದುಡ್ಡು ಹುಟ್ಟಿದ್ದು ಎಲ್ಲಿಂದ? ಅಂಬೇಡ್ಕರ್ ಭವನದ ಗೋಡೆಗೆ ಪಂಚೆ ಕಟ್ಟಿ ನೋಡಿದ ನಮ್ಮ ಕಣ್ಣುಗಳಿಂದ. ಜಾಹೀರಾತಿನವನು ಕೊಳ್ಳೋದು ನಮ್ಮ ಕಣ್ಣನ್ನ. ನಮ್ಮ ಕಣ್ಣಿಗೆ ಬೆಲೆ ಇದೆ, ನಮ್ಮ ಕೈಗೆ ಇಲ್ಲ.

ಈ ಹಣವನ್ನೆಲ್ಲಾ ಆಳೋ ಬಿಸಿಸಿಐ ಏನು ಗೊತ್ತಾ? ತಮಿಳುನಾಡಿನ ಸಂಘಗಳ ನೋಂದಣಿ ಕಾಯ್ದೆ ಅಡಿ ನೋಂದಣಿಯಾದ ಒಂದು ಸಂಘ. ನಮ್ಮ ಯುವಕ ಸಂಘ ಇದ್ದ ಹಾಗೆ, ಕಾಗದದ ಮೇಲೆ. ತಂಡಕ್ಕೆ ಇಂಡಿಯಾ ಅನ್ನೋ ಹೆಸರು ಬೇಕು, ರಾಷ್ಟ್ರಗೀತೆ ಬೇಕು, ಪೊಲೀಸ್ ಬಂದೋಬಸ್ತ್ ಬೇಕು. ಮಾಹಿತಿ ಹಕ್ಕು ಮಾತ್ರ ಬೇಡ. 2018ರಲ್ಲಿ ಕಾನೂನು ಆಯೋಗವೇ ಇವರನ್ನ ಆರ್‌ಟಿಐ ಅಡಿ ತನ್ನಿ ಅಂತ ಶಿಫಾರಸು ಮಾಡಿತ್ತು.

ಕೇರಿಯ ಕಡೆಯಿಂದ ಹರಿದುಹೋದ ದುಡ್ಡಿನ ಲೆಕ್ಕ ಇನ್ನೊಂದಿದೆ. ಮೊಬೈಲಲ್ಲಿ ತಂಡ ಕಟ್ಟೋ ಆಟ. 49 ರೂಪಾಯಿ ಹಾಕು, ಕೋಟಿ ಗೆಲ್ಲು. ಆ ಕಂಪನಿಯ ಹೆಸರು ಭಾರತ ತಂಡದ ಎದೆ ಮೇಲೇ ಇತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನ ನಿಷೇಧಿಸಿದ ಮೇಲೆ ಅದು ಜೆರ್ಸಿಯಿಂದ ಕಿತ್ತುಹೋಯ್ತು. ಅಷ್ಟರಲ್ಲಿ ನಮ್ಮ ಎಷ್ಟು ಹುಡುಗರು ಮೀಟರ್ ಬಡ್ಡಿಗೆ ಬಿದ್ದಿದ್ರು ಅಂತ ಅವರ ತಾಯಂದಿರನ್ನ ಕೇಳಿ. ಇದರಲ್ಲಿ ಆ ಹಿರಿಯ ಸಂಗಾತಿ ಹೇಳಿದ "ಜೂಜು" ಅನ್ನೋ ಮಾತು ಸರಿಯೇ.

ಈಗ ಜೂನ್ 4.

ನನ್ನ ಅಕ್ಕನ ಮಗ ಬೆಂಗಳೂರಲ್ಲಿ ಊಟ ಡೆಲಿವರಿ ಮಾಡ್ತಾನೆ. ಆವತ್ತು ಮಧ್ಯಾಹ್ನ ಆಪ್ ಆಫ್ ಮಾಡಿ ಚಿನ್ನಸ್ವಾಮಿ ಕಡೆ ಹೋದ. ಮೂವತ್ತೈದು ಸಾವಿರ ಜನ ಹಿಡಿಯೋ ಸ್ಟೇಡಿಯಂ ಮುಂದೆ ಲಕ್ಷಗಟ್ಟಲೆ ಜನ. ಸಂಜೆ ಐದರಿಂದ ಅವನ ಫೋನ್ ಸಿಗಲಿಲ್ಲ. ಟಿವಿಯಲ್ಲಿ ಒಂದು ಕಡೆ ಕಪ್ ಎತ್ತಿ ಕುಣೀತಿರೋದು, ಕೆಳಗಿನ ಪಟ್ಟಿಯಲ್ಲಿ ಸತ್ತವರ ಸಂಖ್ಯೆ ಏರ್ತಿರೋದು. ಅಕ್ಕ ಟಿವಿ ಮುಂದೆ ನೆಲದ ಮೇಲೆ ಕೂತು ಒಂದೊಂದು ಮುಖ ಹುಡುಕ್ತಿದ್ಲು. ರಸ್ತೆ ಮೇಲೆ ಬಿದ್ದ ಚಪ್ಪಲಿ ರಾಶಿ ತೋರಿಸಿದ್ರು. ಅಕ್ಕ ಹತ್ತಿರ ಹೋಗಿ ಆ ಚಪ್ಪಲಿಗಳನ್ನ ನೋಡಿದ್ಲು, ಮಗನದ್ದಿದೆಯಾ ಅಂತ. ರಾತ್ರಿ ಒಂಬತ್ತೂಕಾಲಿಗೆ ಯಾರದೋ ಫೋನಿಂದ ಮಾಡಿದ. "ಮಾಮ, ಬೈಬ್ಯಾಡ. ಬದುಕಿದೀನಿ. ಅವ್ವಂಗೆ ಹೇಳು" ಅಂದ.

ಹನ್ನೊಂದು ಜನ ಸತ್ತರು. ಅದರಲ್ಲಿ ಇನ್ನೂ ಶಾಲೆಗೆ ಹೋಗ್ತಿದ್ದ ಹುಡುಗಿ ಇದ್ದಳು. ಸತ್ತವರ ಜಾತಿ ಯಾವುದು ಅಂತ ನಾನು ಹುಡುಕೋಕೆ ಹೋಗಿಲ್ಲ, ನೀವೂ ಹೋಗಬೇಡಿ. ಆ ಗೇಟಿನ ಹೊರಗೆ ನಿಂತಿದ್ದಕ್ಕೆ ಅವರೆಲ್ಲಾ ನಮ್ಮವರೇ. ಒಳಗೆ ಕಾರ್ಯಕ್ರಮ ನಡೀತಾ ಇತ್ತು. ಆಮೇಲೆ ಅಮಾನತು, ವಿಚಾರಣಾ ಆಯೋಗ, ಪರಿಹಾರ ಎಲ್ಲಾ ಆಯ್ತು. ಹುಡುಗರಿಗೇ ಬುದ್ಧಿ ಇಲ್ಲ, ಯಾಕೆ ಹೋಗ್ಬೇಕಿತ್ತು ಅಂತ ನಮ್ಮ ಕಡೆಯವರೇ ಫೇಸ್‌ಬುಕ್ಕಲ್ಲಿ ಬರೆದ್ರಲ್ಲ, ಅದು ನಂಗೆ ಮರೆಯೋಕಾಗ್ತಿಲ್ಲ. ಹೋಗಬಾರದು ಅಂದ್ರೆ ಹೇಗೆ? ಹದಿನೆಂಟು ವರ್ಷ "ನಮ್ದೇ" ಅಂತ ಹೇಳಿಸಿ, ಅಂಗಿ ಮಾರಿ, ಬಾವುಟ ಮಾರಿ, ಗೆದ್ದ ದಿನ ನೋಡೋಕೆ ಬಂದವರಿಗೆ ಗೇಟ್ ಹಾಕಿದ್ದು ಯಾರು?

ಜೂನ್ 4 ಅಂದ್ರೆ ನಂಗೆ ಇನ್ನೊಂದು ನೆನಪಿದೆ. 2023ರದ್ದು. ಅದಕ್ಕೂ ಕೆಲವೇ ದಿನ ಮೊದಲು ಅಹಮದಾಬಾದಿನ ದೊಡ್ಡ ಸ್ಟೇಡಿಯಂನಲ್ಲಿ ಮಳೆ ಬಂದು ನಿಂತು, ಮಧ್ಯರಾತ್ರಿ ದಾಟಿದ ಮೇಲೆ ಜಡೇಜಾ ಕೊನೆಯ ಎರಡು ಎಸೆತಕ್ಕೆ ಸಿಕ್ಸ್, ಫೋರ್ ಹೊಡೆದು ಚೆನ್ನೈ ಕಪ್ ಗೆದ್ದಿತ್ತು. ಅದೇ ಗುಜರಾತಿನ ಪಾಟಣ್ ಜಿಲ್ಲೆಯ ಕಾಕೋಶಿ ಹಳ್ಳಿಯ ಶಾಲೆ ಮೈದಾನದಲ್ಲಿ ಮ್ಯಾಚ್ ನಡೀತಿತ್ತು. ಬಾಲ್ ಹೊರಗೆ ಬಂತು, ನೋಡ್ತಾ ನಿಂತಿದ್ದ ದಲಿತ ಹುಡುಗ ಅದನ್ನ ಎತ್ತಿಕೊಟ್ಟ. ಅಷ್ಟೆ. ಜಾತಿ ಹಿಡಿದು ಬೈದ್ರು. ಯಾಕೆ ಬೈತೀರ ಅಂತ ಮನೆಯವರು ಕೇಳಿದ್ದಕ್ಕೆ ಗುಂಪು ಕಟ್ಕೊಂಡು ಬಂದು ಆ ಮನೆಯ ಒಬ್ಬರ ಹೆಬ್ಬೆರಳು ಕತ್ತರಿಸಿದ್ರು ಅಂತ ದೂರು ದಾಖಲಾಯ್ತು. ಏಕಲವ್ಯನ ಕಥೆಯನ್ನ ಪುರಾಣ ಅಂತ ಹೇಳೋರು ಆ ಎಫ್‌ಐಆರ್ ಓದಲಿ. ದ್ರೋಣ ಕನಿಷ್ಠ ಕೇಳಿ ಪಡೆದ.

ಹೆಬ್ಬೆರಳು ಇಲ್ದೆ ಬಾಲ್ ಹಿಡಿಯೋಕಾಗುತ್ತಾ, ಬ್ಯಾಟ್ ಹಿಡಿಯೋಕಾಗುತ್ತಾ?

ಇನ್ನು ನಮ್ಮ ರಾಜ್ಯದಲ್ಲಿ ಜಾತಿಗೊಂದು ಕಪ್ಪು, ಜಾತಿಗೊಂದು ಪ್ರೀಮಿಯರ್ ಲೀಗು ಬಂದಿದೆ. ಫ್ಲೆಕ್ಸ್ ತುಂಬ ಆಯಾ ಜಾತಿ ನಾಯಕರ ಫೋಟೊ. ಬಾಂಬೆಯಲ್ಲಿ ಬ್ರಿಟಿಷರ ಕಾಲದಲ್ಲಿ ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ಅಂತ ತಂಡ ಮಾಡಿ ಆಡ್ತಿದ್ರು. ಸ್ವಾತಂತ್ರ್ಯಕ್ಕೆ ಮೊದಲೇ ಅದನ್ನ ನಿಲ್ಲಿಸಿದ್ರು. ನಾವು ಅದನ್ನ ಹೋಬಳಿ ಮಟ್ಟದಲ್ಲಿ ಮತ್ತೆ ತಂದಿದೀವಿ. ನಮ್ಮವರೂ ಏಪ್ರಿಲ್ 14ಕ್ಕೆ ಭೀಮ್ ಕಪ್ ಮಾಡ್ತಾರೆ, ನಾನೇ ಎರಡು ಸಲ ಬಹುಮಾನ ಕೊಟ್ಟಿದೀನಿ. ಅವರು ಒಳಗೆ ಬಿಡದೇ ಇದ್ದಿದ್ದಕ್ಕೆ ನಾವು ಬೇರೆ ಮಾಡಿದ್ದು, ಎರಡೂ ಒಂದೇ ಅಲ್ಲ. ಹಾಗಿದ್ರೂ ಟ್ರೋಫಿ ಕೊಡೋವಾಗ ಮನಸ್ಸಿಗೆ ಪೂರ್ತಿ ಸಮಾಧಾನ ಇರಲಿಲ್ಲ.

ಹಾಗಾದ್ರೆ ಏನು ಬೇಕು ಅಂತ ಕೇಳ್ತೀರ. ಮೀಸಲಾತಿ ಅಂದ ತಕ್ಷಣ ಮೆರಿಟ್ ಮೆರಿಟ್ ಅಂತ ಕೂಗೋರಿಗೆ ದಕ್ಷಿಣ ಆಫ್ರಿಕಾ ತೋರಿಸ್ತೀನಿ. 2016ರಲ್ಲಿ ಅಲ್ಲಿನ ಕ್ರಿಕೆಟ್ ಮಂಡಳಿ ಗುರಿ ಹಾಕ್ಕೊಂಡಿತು. ಒಂದು ಸೀಸನ್‌ನ ಸರಾಸರಿಯಲ್ಲಿ ಹನ್ನೊಂದರಲ್ಲಿ ಕನಿಷ್ಠ 6 ಜನ ಬಿಳಿಯರಲ್ಲದವರು, ಅದರಲ್ಲಿ ಕನಿಷ್ಠ 2 ಜನ ಕಪ್ಪು ಆಫ್ರಿಕನ್ನರು ಇರಬೇಕು ಅಂತ. ಟೆಂಬಾ ಬವುಮಾನ ಎಷ್ಟು ಆಡ್ಕೊಂಡ್ರು, ಕೋಟಾ ಆಟಗಾರ ಅಂತ, ಕುಳ್ಳ ಅಂತ. ನಮ್ಮ ದೇಶದವರೂ ಮೀಮ್ ಮಾಡಿ ನಕ್ಕರು. ಚಿನ್ನಸ್ವಾಮಿ ಮುಂದೆ ಹನ್ನೊಂದು ಜನ ಸತ್ತ ಹತ್ತು ದಿನಕ್ಕೆ, 2025ರ ಜೂನ್ 14ರಂದು, ಅದೇ ಬವುಮಾ ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾನ ಸೋಲಿಸಿ ಟೆಸ್ಟ್ ಚಾಂಪಿಯನ್‌ಶಿಪ್ ಗದೆ ಎತ್ತಿದ. ರಬಾಡ 9 ವಿಕೆಟ್. ಬಿಳಿಯ ಮಾರ್ಕ್ರಮ್ 136. 27 ವರ್ಷ ಒಂದೂ ಐಸಿಸಿ ಕಪ್ ಗೆಲ್ಲದ ದೇಶಕ್ಕೆ ಕೋಟಾದವನು ಗೆದ್ದುಕೊಟ್ಟ. ಎಲ್ಲರ ಜೊತೆ ಸೇರಿ ಗೆದ್ದ.

ನಾವು ಕೇಳ್ತಿರೋದು ಇನ್ನೂ ಸಣ್ಣದು. ಹನ್ನೊಂದರಲ್ಲಿ ಇಷ್ಟು ಅಂತ ಆಮೇಲೆ ಕೇಳೋಣ. ಮೊದಲು ತಾಲ್ಲೂಕಿಗೊಂದು ಟರ್ಫ್ ವಿಕೆಟ್, ಲೆದರ್ ಬಾಲ್, ಒಬ್ಬ ಕೋಚ್, ಹಾಸ್ಟೆಲ್ ಮಕ್ಕಳಿಗೆ ಅಲ್ಲಿಗೆ ಹೋಗೋಕೆ ಬಸ್ ಚಾರ್ಜು. ಎಸ್‌ಸಿಎಸ್‌ಪಿ ಟಿಎಸ್‌ಪಿ ಕಾಯ್ದೆ 2013ರಿಂದ ಇದೆ. ಆ ದುಡ್ಡಲ್ಲಿ ನಮ್ಮ ಜಿಲ್ಲೆಯ ಮಕ್ಕಳ ಆಟಕ್ಕೆ ಎಷ್ಟು ಖರ್ಚಾಗಿದೆ, ಯಾವ ಆಟಕ್ಕೆ, ಯಾವ ಊರಲ್ಲಿ ಅಂತ ಕೇಳಿ ಕಳೆದ ವಾರ ಅರ್ಜಿ ಹಾಕಿದೀವಿ. ಬಿಸಿಸಿಐ ಆರ್‌ಟಿಐಗೆ ಸಿಗದೇ ಇರಬಹುದು, ಜಿಲ್ಲಾ ಇಲಾಖೆ ಸಿಗುತ್ತಲ್ಲ. ನಿಮ್ಮ ನಿಮ್ಮ ಜಿಲ್ಲೆಯಲ್ಲೂ ಹಾಕಿ. ಅರ್ಜಿಯ ನಮೂನೆ ಬೇಕಿದ್ದರೆ ಕಾಮೆಂಟಲ್ಲಿ ಕೇಳಿ, ಕಳಿಸ್ತೀನಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಅಷ್ಟೆ.

ಅಕ್ಕನ ಮಗ ಮತ್ತೆ ಡೆಲಿವರಿಗೆ ಹೋಗ್ತಿದಾನೆ. ಆವತ್ತು ಒಂದು ಚಪ್ಪಲಿ ಹಾಕ್ಕೊಂಡು ಮೆಜೆಸ್ಟಿಕ್ ತನಕ ನಡೆದಿದ್ದನಂತೆ. ಉಳಿದ ಆ ಒಂದನ್ನ ಅಕ್ಕ ಬಿಸಾಡೋಕೆ ಬಿಟ್ಟಿಲ್ಲ, ಅಟ್ಟದ ಮೇಲಿಟ್ಟಿದಾಳೆ. ಅವನು ಹೋದ ಭಾನುವಾರ ಊರಿಗೆ ಬಂದಿದ್ದ. ಟೆನಿಸ್ ಬಾಲ್ ಮ್ಯಾಚ್ ಇತ್ತು, ಅದೇ ಬಯಲಲ್ಲಿ. ಬಾಲ್ ದೇವಸ್ಥಾನದ ಅಂಗಳಕ್ಕೆ ಹೊಡೆದ. ಎಲ್ಲರೂ ಔಟ್ ಅಂದ್ರು. ಬ್ಯಾಟ್ ಕೆಳಗಿಡಲಿಲ್ಲ ಅವನು. "ಯಾಕೆ ಔಟ್ ಅಂತ ಹೇಳ್ರಿ, ಆಮೇಲೆ ಹೋಗ್ತೀನಿ" ಅಂದ. ಇಪ್ಪತ್ತು ನಿಮಿಷ ಆಟ ನಿಂತಿತ್ತು. ಯಾರೂ ಹೇಳಲಿಲ್ಲ.